ಪಂಪ್‌ಹೌಸ್ ಸಿಡಿದ ಮಾರನೇ ದಿನ

ನಮಸ್ಕಾರ,

ನಿಮ್ಮ ಸರಣಿಯ ಮೂರನೇ ಮತ್ತು ಕೊನೆಯ ಕಾದಂಬರಿಯ ಹಸ್ತಪ್ರತಿ ಓದಿ ಮುಗಿಸಿದೆ. ಈಗಿರುವ ಹಾಗೆ ಇದನ್ನು ಅಚ್ಚಿಗೆ ಕೊಡಲು ನನಗೆ ಮನಸ್ಸಿಲ್ಲ. ಮೊದಲೆರಡು ಭಾಗಗಳನ್ನು ಹೊಗಳಿದವರೇ ಹೀಗೆ ಅಂದರೆ ಬೇಜಾರಾಗುತ್ತದೆ, ಗೊತ್ತು. ಆದರೆ ಪುಸ್ತಕವೇ ಬೇಡ ಅನ್ನುತ್ತಿಲ್ಲ. ಕೊನೆಯ ಅರ್ಧವನ್ನು ಮತ್ತೆ ಬರೆಯಿರಿ ಅನ್ನುತ್ತಿದ್ದೇನೆ.

ಮೊದಲ ಭಾಗದಲ್ಲಿ ನೀವು ಕಟ್ಟಿದ ಮುಂದಿನ ಕಾಲದ ಬೆಂಗಳೂರು ಚೆನ್ನಾಗಿತ್ತು. ನೀರಿಗೆ ಕಾರ್ಡು. ಕಾರ್ಡಿನ ಬಣ್ಣ ನೋಡಿ ಸಂಬಂಧ ಕುದುರಿಸುವ ಅಮ್ಮಂದಿರು. ಹದಿನಾರು ವರ್ಷದ ತುಂಗೆ ನೀಲಿ ಕಾರ್ಡಿನ ಗೆಳತಿಯ ಮನೆಯಲ್ಲಿ ಮೊದಲ ಸಲ ಶವರ್ ಕೆಳಗೆ ನಿಂತಾಗ ಖುಷಿಪಡುವ ಬದಲು ಗಾಬರಿಯಾಗಿ ಬಕೆಟ್ ಹುಡುಕುತ್ತಾಳಲ್ಲ, ಆ ಒಂದು ಪುಟ ಸಾಕಿತ್ತು ನನಗೆ. ಅದೇ ಪುಸ್ತಕದ ಕೊನೆಗೆ ನೀರು ಹಂಚಿಕೆ ಸಭೆಯ ಅಧ್ಯಕ್ಷ ಅವಳನ್ನು ಕೇಳುತ್ತಾನೆ: ‘ನಲ್ಲಿ ನಿನ್ನ ಕೈಗೇ ಕೊಟ್ಟರೆ ಮೊದಲು ಯಾರಿಗೆ ಬಿಡ್ತೀಯ?’ ತುಂಗೆ ಉತ್ತರ ಕೊಡುವುದಿಲ್ಲ. ನಿಮ್ಮ ಓದುಗರು ಕಾಯುತ್ತಿರುವುದು ಆ ಉತ್ತರಕ್ಕೆ.

ಮೂರನೇ ಭಾಗದಲ್ಲಿ ಏನಾಗುತ್ತದೆ? ತುಂಗೆಯ ತಂಡ ತೊರೆಕಾಡನಹಳ್ಳಿಯ ಪಂಪ್‌ಹೌಸ್‌ಗೆ ಬಾಂಬಿಡುತ್ತದೆ. ಹಂಚಿಕೆ ಸಭೆಯ ಅಧಿಕಾರ ಬೀಳುತ್ತದೆ. ಮಳೆ ಬರುತ್ತದೆ. ಜನ ಬೀದಿಗಿಳಿದು ಕುಣಿಯುತ್ತಾರೆ. ಮುಂದಿನ ಅಧ್ಯಾಯಕ್ಕೆ ಎಂಟು ವರ್ಷ ಕಳೆದು ತುಂಗೆಯ ಮಡಿಲಲ್ಲಿ ಮಗು.

ಅಲ್ಲ, ಪಂಪ್‌ಹೌಸೇ ಸಿಡಿದು ಹೋದರೆ ಮಾರನೇ ದಿನ ಬೆಂಗಳೂರಿಗೆ ನೀರೆಲ್ಲಿಂದ? ಊರಿರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲೆ. ಕಾವೇರಿ ಹರಿಯುವುದು ಸುಮಾರು 100 ಕಿಲೋಮೀಟರ್ ಆಚೆ, ತಗ್ಗಿನಲ್ಲಿ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಅಂತ ಮೂರು ಕಡೆ ಪಂಪ್ ಮಾಡಿ ಎತ್ತಿದರೆ ಮಾತ್ರ ಆ ನೀರು ಊರು ಸೇರುತ್ತದೆ. 1974ರಲ್ಲಿ ಕಾವೇರಿ ನೀರು ಯೋಜನೆಯ ಮೊದಲ ಹಂತ ಶುರುವಾದಾಗಿನಿಂದ ಇದೇ ಕಥೆ. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಐದನೇ ಹಂತದ ನೀರೂ, ಅಂದರೆ ದಿನಕ್ಕೆ 775 ದಶಲಕ್ಷ ಲೀಟರ್, ಹತ್ತಬೇಕಾದ್ದು ಅದೇ ದಿಣ್ಣೆ. ಇನ್ನು ನಿಮ್ಮ ಮಳೆ. ಬೆಂಗಳೂರಿನಲ್ಲಿ ಮಳೆ ಸುರಿದರೆ ತುಂಬುವುದು ರಾಜಕಾಲುವೆ. ಕಾವೇರಿಯ ಕೆಆರ್‌ಎಸ್ ಜಲಾಶಯ ತುಂಬಬೇಕಾದರೆ ಕೊಡಗಿನಲ್ಲಿ ಸುರಿಯಬೇಕು.

ಇದು ಸುಮ್ನೆ ತಪ್ಪು ಹುಡುಕುವ ಮಾತಲ್ಲ. ನಿಮ್ಮ ಓದುಗರು 2024ರ ಬೇಸಿಗೆ ಕಂಡ ಮಕ್ಕಳು. ಟ್ಯಾಂಕರ್ ದರವನ್ನು ಜಿಲ್ಲಾಡಳಿತವೇ ನಿಗದಿ ಮಾಡಬೇಕಾಗಿ ಬಂದ ವರ್ಷ ಅದು. ನೀರು ಎಲ್ಲಿಂದ ಬರುತ್ತದೆ, ಬರದಿದ್ದರೆ ಮನೆಯಲ್ಲಿ ಏನೇನು ಜಗಳ ಆಗುತ್ತದೆ ಅಂತ ನಿಮಗಿಂತ ಜಾಸ್ತಿ ಅವರಿಗೆ ಗೊತ್ತು. ಅವರಿಗೆ ಮಳೆ ಕುಣಿತ ತೋರಿಸಿ ಮನೆಗೆ ಕಳಿಸಬೇಡಿ.

ಈ ಬಗೆಯ ಕಾದಂಬರಿಗಳನ್ನು ನೀವು ಓದಿಕೊಂಡಿದ್ದೀರಿ, ಬರವಣಿಗೆಯಲ್ಲೇ ಕಾಣುತ್ತದೆ. ಹಾಗಿದ್ದರೆ ಸುಝಾನ್ ಕಾಲಿನ್ಸ್ ತಮ್ಮ ‘ಹಂಗರ್ ಗೇಮ್ಸ್’ ಸರಣಿಯ ಮೂರನೇ ಪುಸ್ತಕ ‘ಮಾಕಿಂಗ್‌ಜೇ’ಯನ್ನು (2010) ಹೇಗೆ ಮುಗಿಸಿದರು ನೋಡಿ. ಸೆರೆಸಿಕ್ಕ ಅಧ್ಯಕ್ಷ ಸ್ನೋನನ್ನು ಕೊಲ್ಲಲಿ ಅಂತ ನಾಯಕಿ ಕ್ಯಾಟ್ನಿಸ್ ಕೈಗೆ ಬಿಲ್ಲು ಕೊಟ್ಟಿರುತ್ತಾರೆ. ಬಾಣ ನಾಟುವುದು ಬಂಡಾಯದ ನಾಯಕಿ ಕಾಯಿನ್‌ಗೆ. ಸೋತವರ ಮಕ್ಕಳನ್ನು ಕೂಡಿಹಾಕಿ ಇನ್ನೊಂದು ಸಾವಿನ ಆಟ ಆಡಿಸೋಣ ಎಂದವಳು ಆಕೆ. ಯುದ್ಧ ಗೆದ್ದಾಗಿತ್ತು, ಆದರೂ ಕಥೆ ಮುಗಿದಿರಲಿಲ್ಲ. ನಿಮ್ಮ ಬಂಡಾಯದವರು ಎಲ್ಲರೂ ಒಳ್ಳೆಯವರು. ಗೆದ್ದ ಮೇಲೆ ಅವರಲ್ಲಿ ಒಬ್ಬರಿಗೂ ಬಾಯಾರಿಕೆಯೇ ಆಗುವುದಿಲ್ಲ!

ಎರಡು ಪುಸ್ತಕ ತುಂಗೆಯೊಬ್ಬಳೇ ಹೇಳಿದ ಕಥೆಯನ್ನು ಇಲ್ಲಿ ಹರ್ಷನೂ ಹೇಳತೊಡಗುತ್ತಾನೆ. ವೆರೋನಿಕಾ ರಾತ್ ತಮ್ಮ ‘ಡೈವರ್ಜೆಂಟ್’ ಸರಣಿಯ ಮೂರನೇ ಪುಸ್ತಕ ‘ಅಲೀಜಿಯಂಟ್’ನಲ್ಲಿ (2013) ಹೀಗೇ ಎರಡನೇ ದನಿ ತಂದರು. ಅಲ್ಲಿ ಕಾರಣ ಇತ್ತು: ನಾಯಕಿ ಸಾಯುತ್ತಾಳೆ, ಉಳಿದದ್ದನ್ನು ಹೇಳಲು ಇನ್ನೊಬ್ಬ ಬೇಕು. ನಿಮ್ಮಲ್ಲಿ ಅಂಥ ಕಾರಣ ಕಾಣಲಿಲ್ಲ. ಹರ್ಷ ಮಾತಾಡುವುದೂ ಥೇಟ್ ತುಂಗೆಯ ಹಾಗೆಯೇ. ತೆಗೆದುಬಿಡಿ. ಹರ್ಷ, ಮಾರುತಿ ಇಬ್ಬರಲ್ಲಿ ತುಂಗೆ ಒಬ್ಬನನ್ನು ಆರಿಸುವ ಕಷ್ಟ ತಪ್ಪಿಸಲು ಮಾರುತಿಯನ್ನು ಗುಂಡಿಗೆ ಕೊಟ್ಟಿದ್ದೀರಿ, ಅದೂ ಬೇಡ. ಅವನು ಬದುಕಿರಲಿ, ಅವಳ ಮೇಲೆ ಸಿಟ್ಟಿಟ್ಟುಕೊಂಡೇ ಇರಲಿ.

ಆರಂಭದ ಮೂರು ಅಧ್ಯಾಯಗಳು ಬರೀ ಹಿಂದಿನ ಕಥೆಯ ನೆನಪು. ಗೆಳತಿ ಬಂದು ಹೀಗೆ ಹೇಳುತ್ತಾಳೆ: ‘ನಿನಗೆ ನೆನಪಿದೆಯೇ ತುಂಗೆ, ಎರಡು ವರ್ಷಗಳ ಹಿಂದೆ ಸಭೆಯವರು ನಿನ್ನ ತಂದೆಯನ್ನು ಬಂಧಿಸಿ ಅವರ ಕಾರ್ಡನ್ನು ರದ್ದುಪಡಿಸಿದರು.’ ಅಪ್ಪ ಜೈಲಿಗೆ ಹೋದದ್ದನ್ನು ಮಗಳಿಗೆ ಯಾರಾದರೂ ನೆನಪಿಸುತ್ತಾರಾ? ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

‘ಸರದಿ ಬಂದಾಗ ನನ್ನ ಕಾರ್ಡು ತೋರಿಸಿದೆ. ಎರಡು ಕೊಡ ತುಂಬಿತು. ಆಮೇಲೆ ಅಪ್ಪನದನ್ನೂ ಇಟ್ಟೆ. ಕೆಂಪು ದೀಪ. ಒರೆಸಿ ಮತ್ತೆ ಇಟ್ಟೆ. ಕೆಂಪು. ಹಿಂದಿನಿಂದ ಯಾರೋ, ದಿನಾ ಇದೇ ಆಯ್ತಲ್ಲಮ್ಮ, ಮುಂದೆ ಹೋಗು ಅಂದರು.’

ಇಷ್ಟರಲ್ಲೇ ಅಪ್ಪ ಇಲ್ಲದ್ದು, ಕಾರ್ಡು ರದ್ದಾದದ್ದು, ಅವಳು ಒಪ್ಪಿಕೊಳ್ಳದ್ದು ಎಲ್ಲ ಬಂತು. ಮೂರು ಅಧ್ಯಾಯ ಉಳಿತಾಯವಾಯಿತು. ನನ್ನ ಸಾಲುಗಳನ್ನೇ ಹಾಕಿಕೊಳ್ಳಬೇಡಿ, ದಾರಿ ಹಿಡಿಯಿರಿ.

ನನಗೆ ಹೆಚ್ಚು ಬೇಸರವಾದದ್ದು ಬೇರೆ ಕಡೆ. ನಿಮ್ಮ ಪುಸ್ತಕದ ಮುಕ್ತಾಯ ನಿಮ್ಮ ಹಸ್ತಪ್ರತಿಯಲ್ಲೇ ಇದೆ, ನೀವು ಅದನ್ನು ದಾಟಿಕೊಂಡು ಹೋಗಿದ್ದೀರಿ. ಬಾಂಬಿಡುವ ಹಿಂದಿನ ರಾತ್ರಿ ತುಂಗೆ ಮಳವಳ್ಳಿ ಕಡೆಯ ಹಳ್ಳಿಯೊಂದರಲ್ಲಿ, ಊರಿಗೆ ನೀರು ಬಿಡುವ ಮುದುಕ ನೀರುಗಂಟಿಯ ಮನೆಯಲ್ಲಿ ಉಳಿಯುತ್ತಾಳೆ. ನಗರಕ್ಕೆ ಹೋಗುವ ಪೈಪು ಅವನ ಹಿತ್ತಿಲ ಪಕ್ಕದಲ್ಲೇ ಹಾದು ಹೋಗಿದೆ. ಅವನ ಮನೆಯ ಕೊಳಾಯಿಯಲ್ಲಿ ಮಾತ್ರ ನೀರಿಲ್ಲ. ಎರಡೇ ಪುಟ. ಬೆಳಗಾಗುತ್ತದೆ, ಬಾಂಬು ಸಿಡಿಯುತ್ತದೆ, ಮುದುಕ ಮತ್ತೆ ಬರುವುದಿಲ್ಲ. ಎರಡು ಪುಸ್ತಕ ಪೂರ್ತಿ ತುಂಗೆ ಕೆಂಪು ಕಾರ್ಡಿನವರ ಪರ ಹೊಡೆದಾಡಿದಳು. ಕಾರ್ಡೇ ಇಲ್ಲದವರು ಅವಳಿಗೆ ಎದುರಾಗುವುದು ಇಲ್ಲಿ, ಮೊದಲ ಸಲ.

ಆದ್ದರಿಂದ ಪಂಪ್‌ಹೌಸ್ ಉಳಿಯಲಿ. ತಂಡ ಅದನ್ನು ವಶಕ್ಕೆ ತೆಗೆದುಕೊಳ್ಳಲಿ. ಇಡೀ ಕೊನೆಯ ಭಾಗ ಅದರೊಳಗೇ ನಡೆಯಬಹುದು. ಕರೆಂಟು ಅರ್ಧ ದಿನ ಮಾತ್ರ. ಜಲಾಶಯದಲ್ಲಿ ಎಲ್ಲರಿಗೆ ಸಾಲುವಷ್ಟು ನೀರಿಲ್ಲ. ನಗರದಿಂದ ಅವಳ ಅಮ್ಮನೇ ಫೋನ್ ಮಾಡಿ ನಮ್ಮ ಬೀದಿಗೆ ಬಿಡೇ ಅನ್ನಲಿ. ಹಳ್ಳಿಯವರು ಕೊಡ ಹಿಡಿದು ಗೇಟಿನಲ್ಲಿ ನಿಂತಿರಲಿ. ವಾಲ್ವ್ ಮೇಲೆ ಕೈಯಿಟ್ಟು ನೀರುಗಂಟಿ ಕೇಳಲಿ. ಈಗಿನ ಪ್ರತಿಯ ಆ ಎರಡು ಪುಟದಲ್ಲಿ ಅವನು ಮಾತಾಡುವ ಹಾಗೆ, ‘ಪ್ರಥಮವಾಗಿ ಯಾವ ದಿಕ್ಕಿಗೆ ಹರಿಸಬೇಕು?’ ಅಂತ ಪಠ್ಯಪುಸ್ತಕದ ಭಾಷೆಯಲ್ಲಿ ಬೇಡ. ಮಂಡ್ಯ ಸೀಮೆಯ ಮುದುಕ ‘ಯಾವ್ ಕಡೀಕೆ ಬುಡ್ಲವ್ವ?’ ಅಂದಾನು. ತುಂಗೆ ಏನು ಹೇಳಿದರೂ ಅವಳ ಕಡೆಯವರೇ ಕೆಲವರು ಅವಳನ್ನು ಬಿಟ್ಟು ಹೋಗಬೇಕು. ಹೋಗದಿದ್ದರೆ ನೀವು ಮತ್ತೆ ಎಲ್ಲೋ ಜಾರಿಕೊಂಡಿದ್ದೀರಿ ಅಂತಲೇ ಅರ್ಥ.

ಆ ಉತ್ತರ ಏನಿರಬೇಕು ಅಂತ ನಾನು ಹೇಳುವುದಿಲ್ಲ, ಕಾದಂಬರಿ ನಿಮ್ಮದು. ಎಂಟು ವರ್ಷದ ನಂತರದ ಮಗುವನ್ನು ಮಾತ್ರ ಬಿಟ್ಟುಬಿಡಿ. ಇಡೀ ಹಸ್ತಪ್ರತಿಯನ್ನು ಈಗಲೇ ತಿದ್ದಲು ಕೂರಬೇಡಿ. ಮೊದಲು ಪಂಪ್‌ಹೌಸ್‌ನ ಆ ಒಂದು ಅಧ್ಯಾಯ ಬರೆದು ಕಳಿಸಿ. ಅದು ನಿಂತರೆ ಉಳಿದದ್ದರ ಬಗ್ಗೆ ಕೂತು ಮಾತಾಡೋಣ. ಇನ್ನೊಂದು ವಿಷಯ: ಎರಡನೇ ಭಾಗದಲ್ಲಿ ತುಂಗೆಯ ಎಡಗೈ ಮುರಿದಿತ್ತು, ಇಲ್ಲಿ ಬಲಗೈ ನೋಯುತ್ತಿದೆ. ಯಾವುದು ಅಂತ ಒಮ್ಮೆ ನೋಡಿಕೊಳ್ಳಿ.

ವಿಶ್ವಾಸದಿಂದ,
ಸಂಪಾದಕ