ನಾಲ್ಕು ಎಂಜಿನ್‌ನಿಂದ ಎರಡಕ್ಕೆ

ಕಾರವಾರದ ಟಾಗೋರ್ ಕಡಲತೀರದಲ್ಲಿ ಇಟ್ಟಿರುವ ಟುಪೊಲೆವ್ ವಿಮಾನಕ್ಕೆ ನಾಲ್ಕು ಎಂಜಿನ್ ಇದೆ, ಈಗಿನ ಪ್ರಯಾಣಿಕರ ವಿಮಾನಕ್ಕೆ ಎರಡೇ ಯಾಕೆ ಅಂತ ಕೇಳಿದ್ದೀರಿ.

ಟುಪೊಲೆವ್ ನೌಕಾಪಡೆಯದ್ದು, ಅದರ ಲೆಕ್ಕವೇ ಬೇರೆ. ಮುಂದಿನಿಂದ ಸರಿಯಾಗಿ ನೋಡಿದಿರಾ? ಒಂದೊಂದು ಎಂಜಿನ್‌ಗೂ ಹಿಂದೆ ಮುಂದೆ ಎರಡು ಪ್ರೊಪೆಲ್ಲರ್, ಒಂದಕ್ಕೊಂದು ಉಲ್ಟಾ ತಿರುಗುವಂಥವು.

ಪ್ರಯಾಣಿಕರ ವಿಮಾನದಲ್ಲಿ ಮಾತು ನಡೆಯುವುದು ಇಂಧನದ ಬಿಲ್ಲಿನದ್ದು. ಎಂಜಿನ್ ಎರಡೇ ಆದರೆ ಖರ್ಚು ಕಡಿಮೆ. ಆದರೆ ಮೊದಲು ಎರಡು ಎಂಜಿನ್ ವಿಮಾನ ಯಾವುದಾದರೂ ನಿಲ್ದಾಣದಿಂದ 60 ನಿಮಿಷದ ಹಾರಾಟಕ್ಕಿಂತ ದೂರ ಹೋಗುವಂತಿರಲಿಲ್ಲ. ಒಂದು ಎಂಜಿನ್ ಕೆಟ್ಟರೆ ಇನ್ನೊಂದರಲ್ಲೇ ಇಳಿಯಬೇಕಲ್ವಾ? ಎಂಜಿನ್‌ಗಳ ಮೇಲೆ ಭರವಸೆ ಬಂದ ಮೇಲೆ, 1985ರಲ್ಲಿ ಅಮೆರಿಕ ಅದನ್ನು 120 ನಿಮಿಷ ಮಾಡಿತು. ಆಮೇಲೆ ಇನ್ನೂ ಜಾಸ್ತಿಯಾಯಿತು. ಅಲ್ಲಿಗೆ ನಾಲ್ಕು ಎಂಜಿನ್‌ನ ದೊಡ್ಡ ಅನುಕೂಲವೇ ಹೋಯಿತು. ನಾಲ್ಕು ಎಂಜಿನ್‌ನ ದೈತ್ಯ ಏರ್‌ಬಸ್ ಎ380 ತುಂಬಿದರೆ ಸರಿ, ಇಲ್ಲದಿದ್ದರೆ ಶಿರಸಿ-ಕುಮಟಾ ಘಟ್ಟಕ್ಕೆ ಅರ್ಧ ಖಾಲಿ ಬಸ್ ಬಿಟ್ಟ ಹಾಗೆ. ಗಿರಾಕಿಗಳಿಗೆ 251 ವಿಮಾನ ಕೊಟ್ಟು 2021ರಲ್ಲಿ ನಿಲ್ಲಿಸಿದರು. ನಾಲ್ಕು ಎಂಜಿನ್‌ನದ್ದೇ ಆದ ಬೋಯಿಂಗ್ 747ರ ಕೊನೆಯದು 2023ರ ಜನವರಿಯಲ್ಲಿ ಗಿರಾಕಿಯ ಕೈಗೆ ಹೋಯಿತು, ಅದೂ ಸರಕಿನ ವಿಮಾನ.

ಹಾಗಂತ ಎರಡು ಎಂಜಿನ್‌ನ ಸಣ್ಣ ವಿಮಾನದವರು ಸುಮ್ನೆ ನೆಮ್ಮದಿಯಾಗಿಲ್ಲ. ಬೋಯಿಂಗ್ 737 ಮ್ಯಾಕ್ಸ್‌ನ ಎರಡು ಅಪಘಾತಗಳಲ್ಲಿ 346 ಜನ ಸತ್ತರು. ಏರ್‌ಬಸ್ ಎ320 ನಿಯೋದ ಪ್ರಾಟ್ ಅಂಡ್ ವಿಟ್ನಿ ಎಂಜಿನ್‌ಗಳಲ್ಲಿ ಲೋಹದ ಪುಡಿಯಿಂದ ಮಾಡಿದ ಭಾಗಗಳ ದೋಷ 2023ರಲ್ಲಿ ಹೊರಬಂತು. ತಪಾಸಣೆಗೆ ನೂರಾರು ವಿಮಾನ ನೆಲಕ್ಕಿಳಿದವು. ನನ್ನ ಪ್ರಕಾರ ಈಗ ಗಿರಾಕಿಗೆ ಬರವಿಲ್ಲ, ಇಂಡಿಗೋ ಒಂದೇ 2023ರಲ್ಲಿ 500 ವಿಮಾನಕ್ಕೆ ಆರ್ಡರ್ ಕೊಟ್ಟಿತು. ಹೊತ್ತಿಗೆ ಸರಿಯಾಗಿ ಮಾಡಿಕೊಡುವುದೇ ಕಷ್ಟವಾಗಿದೆ.