ಸಂಗೀತ ಪತ್ರಿಕೆಯ ಮುಖಪುಟದಲ್ಲಿ ಹಾಡುಗಾರರ ತಲೆ ಪತ್ರಿಕೆಯ ಹೆಸರನ್ನೇ ಯಾಕೆ ಮುಚ್ಚಿರುತ್ತದೆ?

ತಪ್ಪಾಗಿ ಅಲ್ಲ, ಬೇಕಂತಲೇ ಹಾಗೆ ಮಾಡುತ್ತಾರೆ. ಒಂದು ವಸ್ತು ಇನ್ನೊಂದಕ್ಕೆ ಅಡ್ಡ ಬಂದರೆ, ಅಡ್ಡ ಬಂದದ್ದೇ ನಮಗೆ ಹತ್ತಿರ ಇದೆ ಅಂತ ಕಣ್ಣು ತಕ್ಷಣ ಲೆಕ್ಕ ಹಾಕುತ್ತದೆ. ಚಪ್ಪಟೆ ಕಾಗದದ ಮೇಲೂ ಹಾಡುಗಾರ ಒಂದು ಹೆಜ್ಜೆ ಮುಂದೆ ಬಂದು ನಿಂತ ಹಾಗೆ ಕಾಣುವುದು ಇದರಿಂದಲೇ.

ಹೆಸರು ಓದೋಕಾಗಲ್ವಲ್ಲ ಅಂತೀರಾ? ಪೂರ್ತಿ ಓದಬೇಕಾಗಿಯೇ ಇಲ್ಲ. 1967ರಲ್ಲಿ ಅಮೆರಿಕದಲ್ಲಿ ಶುರುವಾದ ರೋಲಿಂಗ್ ಸ್ಟೋನ್‌ನಂಥ ಪತ್ರಿಕೆಯ ಅಕ್ಷರಗಳ ಬಳುಕು ಓದುಗರಿಗೆ ಅಷ್ಟು ಪರಿಚಯ. ನಡುವೆ ಎರಡು ಮೂರು ಅಕ್ಷರ ಮರೆಯಾದರೂ ಗುರುತು ಸಿಗುತ್ತದೆ. ಹೊಸ ಪತ್ರಿಕೆ ಮಾತ್ರ ಈ ಸಾಹಸಕ್ಕೆ ಕೈ ಹಾಕದಿರುವುದೇ ವಾಸಿ.

ಎಡಗಡೆಯ ಮೊದಲ ಅಕ್ಷರಗಳನ್ನು ಸಾಮಾನ್ಯವಾಗಿ ಮುಚ್ಚುವುದಿಲ್ಲ. ಮೈಸೂರಿನ ಬಸ್ ಸ್ಟ್ಯಾಂಡ್ ಹತ್ತಿರ ಯಾವುದಾದರೂ ಪೇಪರ್ ಅಂಗಡಿ ನೋಡಿ. ಜಾಗ ಸಾಲದೆ ಪತ್ರಿಕೆಗಳನ್ನು ಒಂದರ ಮೇಲೊಂದು ಸರಿಸಿ ಜೋಡಿಸಿರುತ್ತಾರೆ. ಎಷ್ಟೋ ಸಲ ಕಾಣುವುದು ಎಡ ಅಂಚು, ಇಲ್ಲವೇ ಮೇಲಿನ ಪಟ್ಟಿ ಅಷ್ಟೇ.

ತಿರುಮಕೂಡಲು ಚೌಡಯ್ಯನವರ ಬಗ್ಗೆ ನೀವೇ ಒಂದು ಮುಖಪುಟ ಮಾಡುತ್ತೀರಿ ಅಂದ್ಕೊಳ್ಳಿ. ಅವರ ಏಳು ತಂತಿಯ ಪಿಟೀಲು ಹೇಗೂ ಓರೆಯಾಗಿರುತ್ತದೆ. ಆ ಓರೆ ಗೆರೆ ಹಿಡಿದು ಕಣ್ಣು ಸೀದಾ ಮುಖಕ್ಕೆ ಏರುತ್ತದೆ. ತಲೆ ಹೆಸರಿನ ಮೇಲೆ ಸ್ವಲ್ಪ ಹತ್ತಲಿ. ಪಿಟೀಲಿನ ಕಂದು ಬಣ್ಣವನ್ನೇ ತಲೆಬರಹಕ್ಕೂ ಕೊಡಿ, ಎರಡೂ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಸುಮ್ನೆ ಕಣ್ಣಿಗೆ ರಾಚುವ ಹಳದಿ ಬೇಡ.