ರಾತ್ರಿಯ ತೂಕ, ಬೆಳಗಿನ ತೂಕ

ಪ್ರಶ್ನೆ: ತೂಕ ಇಳಿಸಲು ನಡಿಗೆ ಶುರುಮಾಡಿದ್ದೇನೆ. ಬೆಳಿಗ್ಗೆ 68.2 ಕಿಲೊ ತೋರಿಸಿದ ಯಂತ್ರ ರಾತ್ರಿ 69.6 ತೋರಿಸುತ್ತದೆ. ಕೆಟ್ಟಿದೆಯೇ? ದಿನವೂ ನೋಡಬೇಕೇ?
– ಓದುಗರು, ಬದಿಯಡ್ಕ

ಉತ್ತರ: ಇಷ್ಟು ವ್ಯತ್ಯಾಸ ಸಹಜ. ಒಂದು ಲೀಟರ್ ನೀರು ಕುಡಿದರೆ ಆ ಕ್ಷಣಕ್ಕೆ ಒಂದು ಕಿಲೊ ಏರುತ್ತದೆ, ಅದು ಕೊಬ್ಬಲ್ಲ. ರಾತ್ರಿ ಗಂಜಿಯ ಜೊತೆ ಉಪ್ಪಿನಕಾಯಿ, ಹಪ್ಪಳ, ಉಪ್ಪುಸೊಳೆಯ (ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ) ಪಲ್ಯ ಉಂಡಿದ್ದರೆ ಮರುದಿನವೂ ತೂಕ ಹೆಚ್ಚೇ ಇದ್ದೀತು. ಉಪ್ಪು ದೇಹದಲ್ಲಿ ನೀರನ್ನು ಹಿಡಿದಿಡುತ್ತದೆ. ಮುಟ್ಟಿನ ಮುಂಚಿನ ದಿನಗಳಲ್ಲೂ ಹೀಗಾಗುವುದುಂಟು.

ಬೆಳಿಗ್ಗೆ ಶೌಚ ಮುಗಿಸಿ, ಚಹಾಕ್ಕೆ ಮೊದಲು, ಹಗುರ ಬಟ್ಟೆಯಲ್ಲಿ ಬರಿಗಾಲಲ್ಲಿ ನಿಲ್ಲಿ. ಯಂತ್ರ ಗಟ್ಟಿಯಾದ ಸಮತಟ್ಟು ನೆಲದ ಮೇಲಿರಲಿ. ಚಾಪೆ, ಕಾಲೊರಸಿನ ಮೇಲಿಟ್ಟರೆ ಅಡಿಯ ಕಾಲುಗಳು ಹುಗಿದು ಲೆಕ್ಕ ತಪ್ಪುತ್ತದೆ. ಸಂಶಯವಿದ್ದರೆ 10 ಕಿಲೊ ಅಕ್ಕಿಚೀಲ ಹಿಡಿದು ಇನ್ನೊಮ್ಮೆ ಹತ್ತಿ. ವ್ಯತ್ಯಾಸ ಹತ್ತರ ಆಸುಪಾಸು ಬರಬೇಕು.

ದಿನವೂ ಬರೆದಿಟ್ಟು, ಏಳು ದಿನದ ಮೊತ್ತವನ್ನು ಏಳರಿಂದ ಭಾಗಿಸಿ. ಆ ಸರಾಸರಿಯನ್ನು ಹಿಂದಿನ ವಾರದ್ದಕ್ಕೆ ಹೋಲಿಸಿ. ವಾರಕ್ಕೆ ಅರ್ಧ ಕಿಲೊ ಇಳಿದರೆ ಚೆನ್ನಾಗಿದೆ. ದಿನದ ಅಂಕಿ ಮನಸ್ಸು ಕೆಡಿಸಿದರೆ, ಊಟ ಬಿಡುವಂತೆ ಮಾಡಿದರೆ, ದಯವಿಟ್ಟು ವಾರಕ್ಕೊಮ್ಮೆ ಸಾಕು. ಸೊಂಟದ ಸುತ್ತಳತೆಯನ್ನು ತಿಂಗಳಿಗೊಮ್ಮೆ ಟೇಪಿನಲ್ಲಿ ನೋಡಿ.

ಎರಡು–ಮೂರು ದಿನದಲ್ಲೇ ಎರಡು ಕಿಲೊ ಏರಿ ಕಾಲು ಊದಿದರೆ, ಉಸಿರು ಕಟ್ಟಿದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಿ. ಪ್ರಯತ್ನಪಡದೆಯೇ ತೂಕ ಇಳಿಯುತ್ತ ಹೋದರೂ ತೋರಿಸಲೇಬೇಕು.